ಮಣೆ: ಕೂರುವ ಹಲಗೆ ಮಾತ್ರವಾ, ಬೇರೆಯೂ ಉಂಟಾ?

ಪೆರ್ಲದ ಸೊಸೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ದಿನಾ ಬಾಯಿಗೆ ಬರುವ ಒಂದು ಪದದ ಬಗ್ಗೆ ಕೇಳಬೇಕಿತ್ತು. ಮಣೆ.

ನನ್ನ ತವರು ಹಾಸನದ ಕಡೆ. ಅಲ್ಲಿ ಮಣೆ ಅಂದರೆ ಮೊದಲು ನೆನಪಾಗುವುದು ಊಟಕ್ಕೋ ಪೂಜೆಗೋ ಕೂರುವ ಹಲಗೆ. ಹಸೆಮಣೆ ಗೊತ್ತು, ಈಳಿಗೆಮಣೆ ಗೊತ್ತು. ಮದುವೆಯಾಗಿ ಇಲ್ಲಿಗೆ, ಕಾಸರಗೋಡಿನ ಪೆರ್ಲಕ್ಕೆ, ಬಂದ ಮೇಲೆ ನೋಡಿದರೆ ಅಡುಗೆಮನೆ ತುಂಬಾ ಮಣೆಗಳು. ಕಾಯಿ ಕೆರೆಯುವುದು ಕೆರೆಮಣೆ. ಹಪ್ಪಳ ಒತ್ತುವುದಕ್ಕೆ ಬೇರೆ ಮಣೆ. ಚಪಾತಿಗೆ ಇನ್ನೊಂದು. ಮಳೆಗಾಲದ ಆಟಿ ತಿಂಗಳಲ್ಲಿ ಆಟ ಆಡಲು ಅಟ್ಟದಿಂದ ಇಳಿಯುವ ಚೆನ್ನೆಮಣೆ. ಅತ್ತೆ "ಆ ಮಣೆ ಕೊಡು" ಅಂದರೆ ಯಾವುದು ಅಂತ ಮತ್ತೆ ಕೇಳಲೇಬೇಕು.

ಮೊನ್ನೆ ಮಗಳು ಪೇಪರ್ ಓದುತ್ತಾ, "ಹೊಸಬರಿಗೆ ಮಣೆ ಅಂದ್ರೆ ಎಂತಮ್ಮ, ಹಲಗೆ ಕೊಡ್ತಾರಾ?" ಎಂದು ಕೇಳಿದಳು. ಅವಕಾಶ ಕೊಡುವುದು, ಗೌರವ ಕೊಡುವುದು ಎಂದೆ. ಹಲಗೆಗೂ ಗೌರವಕ್ಕೂ ಏನು ಸಂಬಂಧ ಅಂತ ಅವಳ ಮುಂದಿನ ಪ್ರಶ್ನೆ. ಅದಕ್ಕೆ ಸರಿಯಾಗಿ ಉತ್ತರ ಹೇಳಬೇಕು ಅನ್ನಿಸಿತು.

ಈ ಪದ ಎಲ್ಲಿಂದ ಬಂತು? ಮನೆ, ಮಣೆ ಎರಡೂ ಒಂದೇ ಮೂಲದ್ದಾ? ಪಕ್ಕದ ಮಲಯಾಳದ ಮನೆಯವರು ಪಲಕ ಅನ್ನುತ್ತಾರೆ. ಅದು ಬೇರೆಯಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನೀರ್ಚಾಲು ಮಾಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ ತಂಗಿ. ಒಂದೊಂದಾಗಿ ಹೇಳುತ್ತೇನೆ.

ಮಣೆ ಸಂಸ್ಕೃತದಿಂದ ಬಂದದ್ದಲ್ಲ. ನಮ್ಮದೇ ದ್ರಾವಿಡ ಪದ. ತುಳುವಿನಲ್ಲಿ ಮಣೆ, ತಮಿಳಿನಲ್ಲಿ ಮಣೈ. ತಮಿಳಿನ ಕೊನೆಯ ಐ ನಮ್ಮಲ್ಲಿ ಎ ಆಗುವುದು ಕಟ್ಟುನಿಟ್ಟಿನ ಕ್ರಮ. ತಲೈ–ತಲೆ, ಮಲೈ–ಮಲೆ, ಇಲೈ–ಎಲೆ. ಮಣೈ–ಮಣೆ ಅದೇ ಸಾಲಿನದ್ದು. ಒಬ್ಬರಿಂದ ಇನ್ನೊಬ್ಬರು ಎರವಲು ಪಡೆದದ್ದಲ್ಲ, ಇಬ್ಬರಿಗೂ ಹಿಂದಿನಿಂದ ಬಂದದ್ದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ತೆರೆದರೆ ಮಣೆ ಸಿಗುತ್ತದೆ. ಕೂರುವ ತಗ್ಗಾದ ಹಲಗೆ ಎಂಬ ಅರ್ಥ.

ಮನೆಗೂ ಮಣೆಗೂ ನೆಂಟಸ್ತಿಕೆ ಇಲ್ಲ. ತಮಿಳಿನಲ್ಲೂ ಮನೈ ಬೇರೆ, ಮಣೈ ಬೇರೆ. ಅಲ್ಲೂ ನ ಮತ್ತು ಣ ಬೇರೆ ಬೇರೆ ಉಳಿದಿವೆ, ಇಲ್ಲೂ ಉಳಿದಿವೆ. ಅಂದರೆ ಕನ್ನಡ, ತಮಿಳು ಬೇರೆಯಾಗುವ ಮೊದಲೇ ಇವು ಎರಡು ಪದಗಳು. ನಂಬೂದಿರಿಗಳ ಮನೆಗೆ ಮಲಯಾಳದಲ್ಲಿ ಮನ ಎನ್ನುತ್ತಾರಲ್ಲ, ಅದು ನಮ್ಮ ಮನೆಯ ಜೊತೆಯದು.

ಇನ್ನು ಪಲಕ. ಅದು ಸಂಸ್ಕೃತದ ಫಲಕ. ನಮ್ಮಲ್ಲಿ ಪಲಗೆ ಆಗಿ, ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಹಲಗೆ ಆಯಿತು. ತಮಿಳಿನಲ್ಲಿ ಪಲಗೈ. ನಿಮ್ಮ ನೆರೆಮನೆಯವರ ಪಲಕ ನಮ್ಮ ಹಲಗೆಯ ಅಣ್ಣ.

ಬಾಯಾರಿನ ಹಪ್ಪಳ

ಮಾಷ್ಟ್ರು ಮೂಲ ಹೇಳಿದರು. ನಾನು ಕೆಲಸದ ಮಣೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಹಪ್ಪಳದ ಮಣೆ ನಮ್ಮ ಮನೆಯಲ್ಲಿ ಈಗಲೂ ಪ್ರತಿ ಬೇಸಗೆ ಹೊರಗೆ ಬರುತ್ತದೆ.

ಹಲಸಿನ ಹಪ್ಪಳಕ್ಕೆ ಬೆಳೆದ ಕಾಯಿಯ ಸೊಳೆ ಬೇಕು. ಹಣ್ಣಾಗಿರಬಾರದು. ಸೊಳೆ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು ಮೆಣಸು ಹಾಕಿ ಗುದ್ದುವುದು. ನಾರು ಉಳಿದರೆ ಹಪ್ಪಳ ಒತ್ತುವಾಗ ಅಂಚು ಹರಿಯುತ್ತದೆ. ಉಂಡೆ ಕಟ್ಟಿ, ಒಂದು ಮಣೆಯ ಮೇಲೆ ಎಣ್ಣೆ ಸವರಿದ ಬಾಳೆಲೆ, ಅದರ ಮೇಲೆ ಉಂಡೆ, ಮೇಲೆ ಇನ್ನೊಂದು ಎಲೆ, ಮೇಲಿನಿಂದ ಇನ್ನೊಂದು ಮಣೆ. ಈಗ ಬಾಳೆಲೆ ಬದಲು ಪ್ಲಾಸ್ಟಿಕ್. ಕೈಯ ಭಾರ ನಡುವೆ ಒಂದೇ ಸಮ ಬೀಳಬೇಕು. ಒಂದು ಬದಿಗೆ ಜಾಸ್ತಿ ಒತ್ತಿದರೆ ಆ ಬದಿ ತೆಳು, ಬಿಸಿಲಿಗೆ ಒಣಗುವಾಗ ಅಲ್ಲೇ ಬಿರಿಯುತ್ತದೆ. ಒತ್ತಿದ್ದನ್ನು ಓಲೆ ಚಾಪೆಯಲ್ಲಿ ಹರಡುವುದು ಮಕ್ಕಳ ಕೆಲಸ. ಕಾಗೆ ಓಡಿಸುವುದೂ ಅವರದ್ದೇ.

ಈ ಮಣೆಯಲ್ಲಿ ಯಾರೂ ಕೂರುವುದಿಲ್ಲ. ಕೂತರೆ ಅಜ್ಜಿ ಗದರುತ್ತಿದ್ದರು. ಆದರೂ ಅದು ಮಣೆಯೇ. ಹಾಗಾಗಿ ಮಣೆ ಅಂದರೆ ಕೂರುವ ಹಲಗೆ ಎಂದು ನಿಘಂಟಿನಲ್ಲಿ ಬರೆದರೆ ಅರ್ಧ ಬಿಟ್ಟ ಹಾಗೆ ಆಗುತ್ತದೆ, ಅಲ್ವಾ?

ಮುಳ್ಳೇರಿಯದ ಹುಡುಗ

ಕೆರೆಮಣೆಯ ಬಗ್ಗೆ ನನಗೊಂದು ಕುತೂಹಲ. ನಮ್ಮ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ತೋಟದಲ್ಲಿ ತುಳು. ಅದೇ ವಸ್ತುವಿಗೆ ತುಳುವಿನಲ್ಲಿ ಕೆರೆಪುನ ಮಣೆ. ಮಲಯಾಳದಲ್ಲಿ ಚಿರವ. ಅದರ ಕಬ್ಬಿಣದ ಹಲ್ಲಿಗೆ ಚಿರವನಾಕ್ಕ್, ಅಂದರೆ ಚಿರವದ ನಾಲಿಗೆ. ಕುಂದಾಪುರದ ಗೆಳೆಯ ಹೆರೆಮಣೆ ಅನ್ನುತ್ತಾನೆ. ಬೆಂಗಳೂರಿನ ಕಡೆಯವರು ತುರಿಮಣೆ. ಮಾಷ್ಟ್ರೇ, ಚಿರವಕ್ಕೂ ನಮ್ಮ ಕೆರೆಗೂ ಸಂಬಂಧ ಉಂಟಾ? ಕೇಳಿದರೆ ಪೂರಾ ಬೇರೆ ಪದದ ಹಾಗಿದೆ.

ನೀರ್ಚಾಲು ಮಾಷ್ಟ್ರು

ಉಂಟು ಮಾರಾಯ, ಚೆನ್ನಾಗಿಯೇ ಉಂಟು. ಇದನ್ನು ಕ್ಲಾಸಿನಲ್ಲಿ ಹೇಳುವುದೆಂದರೆ ನನಗೆ ಯಾವಾಗಲೂ ಖುಷಿ.

ಕನ್ನಡದಲ್ಲಿ ಇ, ಎ ಸ್ವರಗಳ ಮುಂದೆ ಕ ಹಾಗೇ ಉಳಿಯಿತು. ತಮಿಳು, ಮಲಯಾಳಗಳಲ್ಲಿ ಅದು ಚ ಆಯಿತು. ನಮ್ಮ ಕಿವಿ ಅವರ ಚೆವಿ. ನಮ್ಮ ಕಿರಿದು ಅವರ ಚೆರಿಯ. ನಮ್ಮ ನೀರಿನ ಕೆರೆ ಅವರ ಚಿರ. ಕಣ್ಣೂರಿನ ಚಿರಕ್ಕಲ್ ಹೆಸರಿನಲ್ಲಿ ಕಿವಿಗೆ ಬೀಳುವ ಚಿರ ಅದೇ. ಈಗ ಕೆರೆಯುವ ಕೆರೆ ನೋಡು. ತುಳುವಿನಲ್ಲಿ ಕೆರೆಪುನಿ. ತಮಿಳಿನಲ್ಲಿ ಚಿರೈ, ಅಂದರೆ ಬೋಳಿಸು. ಮಲಯಾಳದಲ್ಲಿ ಚಿರಕುಕ, ಅಂದರೆ ಹೆರೆಯುವುದು. ಆ ಚಿರದಿಂದ ಚಿರವ. ಹಾಗಾಗಿ ಕೆರೆಮಣೆಯ ಮೊದಲರ್ಧ ಮತ್ತು ಚಿರವ ಒಂದೇ ಬೇರಿನ ಎರಡು ಚಿಗುರು. ಕಿವಿ–ಚೆವಿ ಕೇಳಿದವನಿಗೆ ಕೆರೆ–ಚಿರ ಆಶ್ಚರ್ಯವಲ್ಲ.

ಒಂದು ವ್ಯತ್ಯಾಸ ಮಾತ್ರ ಗಮನಿಸು. ಮಲಯಾಳದವರು ಕೆಲಸದಿಂದಲೇ ಹೆಸರಿಟ್ಟರು, ಕೆರೆಯುವುದು ಚಿರವ. ನಾವು ಕೆಲಸದ ಜೊತೆಗೆ ಕೆಳಗಿನ ಹಲಗೆಯನ್ನೂ ಹೆಸರಿಗೆ ಸೇರಿಸಿದೆವು. ವಸ್ತು ಅದೇ.

ಬಾಯಾರಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಅಭಿಪ್ರಾಯವೂ ಅದೇ. ಮಣೆ ಅಂದರೆ ಆಸನವಲ್ಲ. ನೆಲಕ್ಕೆ ತಗ್ಗಾಗಿ ಇಟ್ಟು, ಅದರ ಮೇಲೆ ಏನಾದರೂ ನಡೆಸುವ ಹಲಗೆ. ಊಟ ಮಾಡುವವ ಕೂರಬಹುದು, ಕತ್ತಿ ನಿಲ್ಲಬಹುದು, ಹಿಟ್ಟು ಹರಡಬಹುದು, ಕಾಯಿ ಓಡಬಹುದು. ಕೂರುವುದು ಆ ಕೆಲಸಗಳಲ್ಲಿ ಒಂದು.

ಹೊಸೂರು ಕನ್ನಡತಿ

ನಾನು ತಮಿಳುನಾಡಿನ ಹೊಸೂರಿನವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು ಎಲ್ಲ.

ಮಾಷ್ಟ್ರು ಹೇಳಿದ್ದಕ್ಕೆ ನಮ್ಮ ಕಡೆಯಿಂದ ಸಾಕ್ಷಿ. ನಮ್ಮ ಈಳಿಗೆಮಣೆಗೆ ತಮಿಳಿನವರು ಅರಿವಾಳ್‌ಮಣೈ ಅನ್ನುತ್ತಾರೆ. ಅರಿವಾಳ್ ಅಂದರೆ ಕುಡುಗೋಲು. ಮಾತಿನಲ್ಲಿ ಅದು ಅರುವಾಮಣೆ ಎಂದೇ ಕೇಳುತ್ತದೆ, ಕನ್ನಡದವರು ಹೇಳಿದ ಹಾಗೆಯೇ. ಮದುವೆಯಲ್ಲಿ ಮಣೈಗೆ ಕೋಲ ಬರೆಯುತ್ತಾರೆ, ಅಂದರೆ ರಂಗೋಲಿ. ಮಾಕೋಲ ಅಂತ, ಅಕ್ಕಿ ಹಿಟ್ಟಿನ ನೀರಿನಲ್ಲಿ. ಒಣಗಿದ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ.

ನನ್ನದೊಂದು ಸಂಶಯ. ತಮಿಳಿನಲ್ಲಿ ಮಣಂ ಅಂದರೆ ಮದುವೆ. ತಿರುಮಣಂ, ಮಣಮಗಳ್, ಮಣವರೈ ಎಲ್ಲ ಅದರಿಂದ ಬಂದವು. ಮದುಮಕ್ಕಳು ಕೂರುವುದರಿಂದ ಮಣೈ ಆಯಿತು ಎಂದು ನಮ್ಮ ಬೀದಿಯ ಒಬ್ಬರು ಹೇಳುತ್ತಿದ್ದರು. ಅದು ಸರಿಯಾ?

ಮಂಗಲ್ಪಾಡಿ ಗದ್ದೆ

ನಾನು ಕೇಳಿದ್ದು ಬೇರೆ. ಮಣಿದು ಕೂರುವುದರಿಂದ ಮಣೆ. ಎತ್ತರದ ಕುರ್ಚಿಯಲ್ಲಿ ಬಾಗಬೇಕಾಗಿಲ್ಲ, ಮಣೆಯಲ್ಲಿ ಕೂರಲು ಮಣಿಯಲೇಬೇಕು. ಇನ್ನೊಬ್ಬರು ಮಣ್ಣಿನ ಮೇಲೆ ಇಡುವುದರಿಂದ ಮಣೆ ಅಂದಿದ್ದರು. ಮಣಿ ಎನ್ನುವುದು ನನಗೆ ಬಹಳ ಚಂದ ಕಾಣುತ್ತದೆ. ಕೂರುವವನಿಗೆ ವಿನಯ ಬೇಕು ಎಂದು ಹಿರಿಯರು ಪದದಲ್ಲೇ ಇಟ್ಟಿರಬಹುದಲ್ವಾ?

ನೀರ್ಚಾಲು ಮಾಷ್ಟ್ರು

ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ.

ಮದುವೆಯಿಂದ ಮಣೆ ಬಂದಿದ್ದರೆ ಅರಿವಾಳ್‌ಮಣೈಗೆ ಆ ಹೆಸರು ಹೇಗೆ ಬಂತು? ಬದನೆಕಾಯಿ ಹೆಚ್ಚುವ ಜಾಗಕ್ಕೂ ಮದುವೆಗೂ ಎಲ್ಲಿಯ ಸಂಬಂಧ? ತಂಗಿ ಕೊಟ್ಟ ಸಾಕ್ಷಿಯೇ ಆ ಮಾತನ್ನು ಬೀಳಿಸುತ್ತದೆ. ಮಣಂ ಎಂಬುದಕ್ಕೆ ಸುವಾಸನೆ ಎಂಬ ಅರ್ಥವೂ ಉಂಟು. ಅದರ ದಾರಿ ಬೇರೆ.

ಮಣಿಯುವ ಕಥೆಯೂ ಹಾಗೆಯೇ. ಚೆನ್ನೆಮಣೆಯಲ್ಲಿ ಯಾರು ಮಣಿಯುತ್ತಾರೆ? ಚಪಾತಿಮಣೆಯಲ್ಲಿ? ಚಂದದ ಅರ್ಥ ಹೊಳೆದ ಕೂಡಲೇ ಅದೇ ಮೂಲ ಅನ್ನಬಾರದು. ಎರಡು ಪದದ ಸದ್ದು ಹತ್ತಿರ ಇದ್ದರೆ ಸಾಲದು. ಅಕ್ಕತಂಗಿ ಭಾಷೆಗಳಲ್ಲಿ ಆ ಪದ ಹೇಗಿದೆ, ಅಲ್ಲಿ ಯಾವ ಯಾವ ವಸ್ತುವಿಗೆ ಅದನ್ನು ಹೇಳುತ್ತಾರೆ, ಅದನ್ನೂ ನೋಡಬೇಕು. ಬರ್ರೋ ಮತ್ತು ಎಮೆನೋ 1961ರಲ್ಲಿ ದ್ರಾವಿಡ ಪದಗಳ ನಿಘಂಟು ಹೊರತಂದರು. 1984ರಲ್ಲಿ ಅದನ್ನು ಹಿಗ್ಗಿಸಿದರು. ಅವರು ಮಾಡಿದ್ದು ಇದೇ ಕೆಲಸ, ಭಾಷೆಯಿಂದ ಭಾಷೆಗೆ ಪದಗಳನ್ನು ಸಾಲಾಗಿ ಇಟ್ಟು ನೋಡಿದ್ದು. ನಮ್ಮ ಗಡಿಯವರಿಗೆ ಆ ಅನುಕೂಲ ಮನೆಬಾಗಿಲಲ್ಲೇ ಉಂಟು. ನಾಲ್ಕು ಮನೆ ದಾಟಿದರೆ ಇನ್ನೊಂದು ಭಾಷೆ.

ಅಕ್ಕಲಕೋಟೆ ಗಡಿ

ನಮಸ್ಕಾರ ರೀ. ನಾವು ಮಹಾರಾಷ್ಟ್ರದಾಗಿನ ಕನ್ನಡದವರು. ಸೋಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕು. ನಮ್ಮ ಮಾತಿನಲ್ಲಿ ಕೊನೆಯ ಎ ಹೋಗಿ ಇ ಆಗುತ್ತದೆ. ಮನಿ, ಮಣಿ. ಹೊಸಬರಿಗೆ ಕೊರಳ ಮಣಿಯೋ ಕೂರುವ ಮಣಿಯೋ ತಿಳಿಯದು. ನಮಗೆ ಗೊಂದಲ ಇಲ್ಲ.

ನಿಮ್ಮಲ್ಲಿ ಯಾರೂ ಹೇಳದ ಒಂದು ಮಣೆ ನಮ್ಮಲ್ಲಿದೆ. ಶಾವಗಿ ಮಣಿ. ಬೇಸಗೆ ಬಂತು ಅಂದರೆ ಅದು ಹೊರಗೆ ಬರಬೇಕು. ಉದ್ದನೆಯ ಹಲಗೆ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ಒಂದು ತುದಿ ಎತ್ತರದಲ್ಲಿ ಇಟ್ಟು ಇಳಿಜಾರು ಮಾಡುವುದು. ಜವೆಗೋಧಿಯ ಹಿಟ್ಟು ಗಟ್ಟಿಯಾಗಿ ನಾದಿ, ಎಣ್ಣೆ ಹಚ್ಚಿ ಕುಟ್ಟಿ ಕುಟ್ಟಿ ಹದ ಮಾಡಿರುತ್ತಾರೆ. ಒಬ್ಬಾಕೆ ಮೇಲಿನ ತುದಿಯಲ್ಲಿ ಮಣೆಯ ಮೇಲೆಯೇ ಕೂತು ಅಂಗೈಯಿಂದ ಹಿಟ್ಟು ಒತ್ತಿ ತಿಕ್ಕುತ್ತಾ ಕೆಳಗೆ ಜಾರಿಸುತ್ತಾಳೆ. ಗೆರೆಯಲ್ಲಿ ಹಾದು ಎಳೆ ಎಳೆಯಾಗಿ ಇಳಿಯುತ್ತದೆ. ಕೆಳಗಿದ್ದಾಕೆ ಆ ಎಳೆಗಳನ್ನು ಹಗುರ ಎಳೆದು ಕೋಲಿಗೆ ಹಾಕುತ್ತಾಳೆ. ಜೋರಾಗಿ ಎಳೆದರೆ ಹರಿಯಿತು. ಹಿಟ್ಟು ಸಡಿಲಾದರೆ ಗೆರೆಯಲ್ಲೇ ಅಂಟಿತು. ಮೇಲಿನಾಕೆಯ ಕೈಗೂ ಕೆಳಗಿನಾಕೆಯ ಕೈಗೂ ತಾಳ ಕೂಡಬೇಕು. ಅದಕ್ಕೇ ಹಾಡು ಹೇಳಿಕೊಂಡು ಮಾಡುವುದು.

ಮಾಷ್ಟ್ರು ಕೂರುವುದೂ ಮಣೆಯ ಕೆಲಸ, ಮಾಡುವುದೂ ಮಣೆಯ ಕೆಲಸ ಅಂದರಲ್ಲ. ನಮ್ಮ ಶಾವಗಿ ಮಣಿಯಲ್ಲಿ ಎರಡೂ ಒಂದೇ ಹಲಗೆಯ ಮೇಲೆ ನಡೆಯುತ್ತವೆ.

ಮರಾಠಿಯವರಿಗೆ ಕೂರುವ ಹಲಗೆ ಪಾಟ. ಚಪಾತಿಯದ್ದು ಪೋಳಪಾಟ. ಅವರ ಲಾಟಣೆ ನಮ್ಮ ಲಟ್ಟಣಿಗೆ. ಪಾಟಾ ಎಂದು ಎಳೆದು ಹೇಳಿದರೆ ಅರೆಯುವ ಕಲ್ಲು, ಹುಷಾರು. ನಮ್ಮ ಮನೆಯಲ್ಲಿ ಸೊಸೆಯಂದಿರು ಪೋಳಪಾಟ ಅನ್ನುತ್ತಾರೆ, ಅವ್ವ ಮಣಿ ಅನ್ನುತ್ತಾಳೆ. ಚಪಾತಿ ಒಂದೇ.

ಮಡಕಶಿರಾದವನು

ಆಂಧ್ರದ ಗಡಿಯಿಂದ ನಮ್ಮದೂ ಸೇರಿಸಿ. ತೆಲುಗಿನಲ್ಲಿ ಇದಕ್ಕೆಲ್ಲ ಪೀಟ. ಈಳಿಗೆಮಣೆ ಕತ್ತಿಪೀಟ. ಅಳಗುಳಿಮಣೆ, ಅಂದರೆ ನಿಮ್ಮ ಚೆನ್ನೆಮಣೆ, ವಾಮನಗುಂಟಲ ಪೀಟ. ಮದುವೆಗೆ ಕೂರುವುದು ಪೀಟಲ ಮೇಲೆ. ಮದುವೆ ಕೊನೇ ಗಳಿಗೆಯಲ್ಲಿ ನಿಂತರೆ ಪೀಟಲ ಮೇಲೆ ನಿಂತಿತು ಅನ್ನುತ್ತಾರೆ. ನಾವು ಹಸೆಮಣೆ ಎನ್ನುವ ಜಾಗದಲ್ಲೆಲ್ಲ ಅವರಿಗೆ ಪೀಟ.

ಅದು ಸಂಸ್ಕೃತದ ಪೀಠವೇ. ಕನ್ನಡದಲ್ಲಿ ಪೀಠ ಅಂದರೆ ದೊಡ್ಡವರ ಜಾಗ. ನ್ಯಾಯಪೀಠ, ಜ್ಞಾನಪೀಠ, ಪೀಠಾಧಿಪತಿ. ತೆಲುಗಿನವರು ಅದನ್ನೇ ಅಡುಗೆಮನೆಗೆ ಕರೆತಂದು ಕತ್ತಿ ಸಿಕ್ಕಿಸಿದ್ದಾರೆ. ನಮ್ಮಲ್ಲಿ ಮಣೆ ಇದ್ದುದರಿಂದ ಪೀಠಕ್ಕೆ ಅಡುಗೆಮನೆಯಲ್ಲಿ ಕೆಲಸ ಸಿಗಲಿಲ್ಲ, ಮಠದಲ್ಲೇ ಉಳಿಯಿತು ಎಂದು ನನಗೆ ತೋರುತ್ತದೆ.

ಪೆರ್ಲದ ಸೊಸೆ

ಇಷ್ಟೆಲ್ಲ ಬರುತ್ತದೆಂದು ಎಣಿಸಿರಲಿಲ್ಲ. ಎಲ್ಲರಿಗೂ ಧನ್ಯವಾದ. ಶಾವಗಿ ಮಣಿಯ ವಿಷಯ ಅತ್ತೆಗೆ ಓದಿ ಹೇಳಿದೆ. ಅವರಿಗೆ ಶ್ಯಾವಿಗೆ ಅಂದರೆ ಬೇಯಿಸಿದ ಅಕ್ಕಿ ಉಂಡೆಯನ್ನು ಒತ್ತುವುದು. ಹಿಟ್ಟನ್ನು ಹಲಗೆ ಮೇಲೆ ತಿಕ್ಕಿ ಎಳೆ ಮಾಡುವುದು ಹೇಗೆ ಎಂದು ಇನ್ನೂ ಕೇಳುತ್ತಿದ್ದಾರೆ.

ಅಳಗುಳಿಮಣೆ ಅಂದಿರಲ್ಲ. ನಮ್ಮೂರಲ್ಲಿ ಅಳಗುಳಿಮನೆ ಅಂತಲೂ ಹೇಳುತ್ತಾರೆ. ಅದು ತಪ್ಪಾ?

ಮಂಜೇಶ್ವರ ತೀರ

ಇದಕ್ಕೆ ನಾನು ಹೇಳಬಹುದು. ಚೆನ್ನೆ ನಮ್ಮ ಅಮ್ಮನ ಪ್ರಾಣ.

ಹಲಗೆ ಮಣೆ. ಹಲಗೆಯಲ್ಲಿ ಕೊರೆದ ಒಂದೊಂದು ಗುಳಿ ಮನೆ. ಚೌಕಾಬಾರದಲ್ಲೂ ಚದುರಂಗದಲ್ಲೂ ಮನೆ ಎನ್ನುತ್ತೇವಲ್ಲ, ಹಾಗೆ. ಚೆನ್ನೆಮಣೆಯಲ್ಲಿ ಈ ಬದಿ 7, ಆ ಬದಿ 7, ಒಟ್ಟು 14 ಮನೆ. ಶುರುವಿಗೆ ಮನೆಗೆ 4ರ ಹಾಗೆ 56 ಕಾಯಿ. ಗೆದ್ದ ಕಾಯಿ ಹಾಕಲು ಕೆಲವು ಮಣೆಗಳ ಎರಡೂ ತುದಿಯಲ್ಲಿ ದೊಡ್ಡ ಗುಳಿ ಇರುತ್ತದೆ. ಕಾಯಿಗೆ ಕೆಂಪು ಮಂಜೊಟ್ಟಿ ಬೀಜ. ಮಲಯಾಳದವರ ಮಂಜಾಡಿ ಅದೇ. ಹಳೆಯ ಮಣೆಯ ಗುಳಿಗೆ ಬೆರಳು ಹಾಕಿ ನೋಡಬೇಕು. ಆಡಿ ಆಡಿ ಒಳಗೆ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿರುತ್ತದೆ. ಮಣೆಯಲ್ಲಿ ಮನೆ ಇರುವುದರಿಂದ ಎರಡು ಪದವೂ ಬೆರೆತಿರಬೇಕು. ಹಲಗೆಯನ್ನು ಹೇಳುವಾಗ ಣ ಸರಿ.

ಚೆನ್ನೆ ಆಟಿ ತಿಂಗಳ ಆಟ. ಧೋ ಎಂದು ಮಳೆ, ಗದ್ದೆ ಕೆಲಸ ಮುಗಿದಿರುತ್ತಿತ್ತು. ಒಡಹುಟ್ಟಿದ ಅಕ್ಕತಂಗಿ ಎದುರುಬದುರು ಕೂತು ಆಡಬಾರದು ಎಂದು ಅಮ್ಮ ಈಗಲೂ ಹೇಳುತ್ತಾರೆ. ತುಳುವಿನ ಹಾಡುಗಥೆ ಸಿರಿ ಪಾಡ್ದನದಲ್ಲಿ ಬರುವ ಅಬ್ಬಗ, ದಾರಗ ಎಂಬ ಅಕ್ಕತಂಗಿಯರ ಕಥೆ ಅದರ ಹಿಂದಿದೆ. ಆಡುತ್ತಾ ಆಡುತ್ತಾ ಜಗಳವಾಗಿ ಒಬ್ಬಳು ಇನ್ನೊಬ್ಬಳಿಗೆ ಚೆನ್ನೆಮಣೆಯಲ್ಲೇ ಹೊಡೆಯುತ್ತಾಳೆ. ಪ್ರಾಣ ಹೋಗುತ್ತದೆ. ಹೊಡೆದವಳು ಬಾವಿಗೆ ಹಾರುತ್ತಾಳೆ. ನಮ್ಮ ಮನೆಯಲ್ಲಿ ಅಕ್ಕನೂ ನಾನೂ ಆಡುವಾಗ ನಡುವೆ ಅತ್ತಿಗೆಯನ್ನು ಕೂರಿಸುತ್ತಿದ್ದರು.

ಹಳೇ ಪ್ರೂಫ್

ಪೇಪರಿನ ಮಣೆಯ ಬಗ್ಗೆ ಯಾರೂ ಬರೆಯಲಿಲ್ಲ. ಕೇಳಿದ್ದು ಅದೇ ಅಲ್ವಾ? ನಾನು ಕನ್ನಡ ಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತನಾದವನು. ಈಗ ಕಾಸರಗೋಡಿನಲ್ಲಿದ್ದೇನೆ.

ತಲೆಬರಹಕ್ಕೆ ಜಾಗ ಕಡಿಮೆ. ಆದ್ಯತೆ, ಪ್ರಾಶಸ್ತ್ಯ, ಪ್ರಾಮುಖ್ಯ ಎಲ್ಲ ಅಗಲದ ಪದಗಳು. ಮಣೆ ಎರಡೇ ಅಕ್ಷರ. ಹಾಗಾಗಿ "ಯುವಕರಿಗೆ ಮಣೆ", "ಅನುಭವಕ್ಕೆ ಮಣೆ" ಎಂದು ಹಾಕುತ್ತಾರೆ. ಹಾಕು ಎಂಬ ಕ್ರಿಯಾಪದವನ್ನೂ ಬಿಟ್ಟುಬಿಡುತ್ತಾರೆ. ಓದುಗರಿಗೆ ಅರ್ಥವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮನೆಯ ಪದ ಮೊದಲ ಪುಟಕ್ಕೆ ಬಂದಿದೆ ಎಂದರೆ ಸಂತೋಷ.

ಎರಡು ಮಾತು ಮಾತ್ರ ಹೇಳಬೇಕು. ಮಣೆ ಬೇರೆ, ಮನ್ನಣೆ ಬೇರೆ. ಮನ್ನಣೆ ಬಂದದ್ದು ಮನ್ನಿಸು ಎಂಬುದರಿಂದ. ಎರಡರಲ್ಲೂ ಗೌರವದ ಅರ್ಥ ಇರುವುದರಿಂದ "ಮಣ್ಣಣೆ" ಎಂದು ಬರೆದು ಕಳಿಸುವವರಿದ್ದರು. ಇನ್ನೊಂದು "ಹಸೆಮನೆ ಏರಿದ ಜೋಡಿ". ಮದುಮಕ್ಕಳು ಏರುವುದು ಹಸೆಮಣೆ. ಹಸೆ ಎಂದರೆ ಚಾಪೆ, ಹಾಸುವಂಥದ್ದು. ನಮ್ಮಲ್ಲಿ ಹವ್ಯಕರು ಮಲಗುವ ಚಾಪೆಗೆ ಈಗಲೂ ಹಸೆ ಎನ್ನುತ್ತಾರೆ. ಮದುವೆಗೆ ಹಾಸಿದ್ದು, ಅದರ ಮೇಲೆ ಮಣೆ. ಇವೆರಡನ್ನು ನಾನು ತಿದ್ದಿದಷ್ಟು ಬೇರೆ ಯಾವುದನ್ನೂ ತಿದ್ದಿಲ್ಲ.

ಇನ್ನೊಂದು ಗಮನಿಸಿ. "ಜಾತಿಗೆ ಮಣೆ", "ಸ್ವಜನರಿಗೆ ಮಣೆ" ಎಂದು ಬರೆಯುವಾಗ ಅದು ದೂರು. ಕೊಡಬಾರದವರಿಗೆ ಕೊಟ್ಟರು ಎಂಬ ಅರ್ಥ. ಅಂದರೆ ಮಣೆ ಯಾರಿಗೆ ಸಿಗಬೇಕು ಎಂಬ ಲೆಕ್ಕ ಪದದ ಒಳಗೇ ಇದೆ.

ಬಾಯಾರಿನ ಹಪ್ಪಳ

ಹೌದು. ನಮ್ಮಲ್ಲಿ ಮಣೆಗಳನ್ನು ಚಾವಡಿಯ ಗೋಡೆಗೆ ಒರಗಿಸಿ ಇಡುತ್ತಿದ್ದರು. ಬಂದವರು ಕಾಲು ತೊಳೆದು ಬರುವಷ್ಟರಲ್ಲಿ ಮಣೆ ಹಾಕಿ ಆಗಿರಬೇಕು. ಆಮೇಲೆ ಬೆಲ್ಲ ನೀರು, "ಆಸರಿಂಗೆ ಎಂತ ಅಕ್ಕು?", ಅಂದರೆ ಕುಡಿಯಲು ಏನಾಗಬಹುದು ಎಂದು ಕೇಳುವುದು. ಮಣೆ ಹಾಕದೆ ಮಾತಿಗೆ ನಿಂತರೆ ದೊಡ್ಡವರು ಒಳಗಿಂದಲೇ ಕೆಮ್ಮುತ್ತಿದ್ದರು. ಬಂದವರಿಗೆ ಮಣೆ ಸಿಗುವುದು ಹಕ್ಕು. ಹಾಗಾಗಿ ಗೌರವದ ಅರ್ಥ ಬಂದಿರುವುದು ಸಹಜ.

ಕಾರಡ್ಕದ ಹಾಳೆ

ಬಾಯಾರಿನ ಅಕ್ಕನ ಮಾತಿಗೆ ಒಂದು ಸೇರಿಸಬೇಕು. ಬೇಸರ ಮಾಡಬೇಡಿ.

ಬಂದವರಿಗೆಲ್ಲ ಮಣೆ ಸಿಗುತ್ತಿರಲಿಲ್ಲ. ನನ್ನ ಅಜ್ಜ ಅಂಥ ಮನೆಗಳ ತೋಟದಲ್ಲಿ ಅಡಕೆ ಕೊಯ್ದವರು, ಸುಲಿದವರು. ಅವರು ಕೂತದ್ದು ಅಂಗಳದಲ್ಲಿ, ಅಡಕೆ ಹಾಳೆಯ ಮೇಲೆ. ಊಟವೂ ಅಲ್ಲೇ, ಎಲೆ ಕೊಡುತ್ತಿದ್ದರು. ಚಾವಡಿಯ ಗೋಡೆಗೆ ಒರಗಿಸಿದ್ದ ಮಣೆಗಳನ್ನು ಅಜ್ಜ ದಿನಾ ನೋಡಿದ್ದಾರೆ, ಕೂತಿಲ್ಲ. ಅಜ್ಜನಿಗೆ ಹಲಸಿನ ಮರದ ಕೆಲಸ ಚೆನ್ನಾಗಿ ಗೊತ್ತಿತ್ತು. ಆ ಮಣೆಗಳಲ್ಲಿ ಕೆಲವನ್ನು ಮಾಡಿದ್ದೂ ಅವರೇ.

ಮಣೆ ಹಾಕುವುದು ಅಂದರೆ ಯಾಕೆ ಗೌರವ ಎಂದು ಮಗು ಕೇಳಿತಲ್ಲ. ಎಲ್ಲರಿಗೂ ಹಾಕುತ್ತಿದ್ದರೆ ಅದಕ್ಕೆ ಗೌರವ ಎಂಬ ಅರ್ಥವೇ ಬರುತ್ತಿರಲಿಲ್ಲ. ಯಾರನ್ನು ಒಳಗೆ ಕೂರಿಸುತ್ತೇವೆ, ಯಾರನ್ನು ಹೊರಗೆ ಎಂಬುದು ಹಲಗೆಯಲ್ಲಿ ಗೊತ್ತಾಗುತ್ತಿತ್ತು. ಮಗಳಿಗೆ ಇದನ್ನೂ ಹೇಳಿ ಅಕ್ಕ. ಅವಳು ದೊಡ್ಡವಳಾಗಿ ಪೇಪರ್ ಓದುವಾಗ ಬೇಕಾಗುತ್ತದೆ.

ನೀರ್ಚಾಲು ಮಾಷ್ಟ್ರು

ಕಾರಡ್ಕದ ತಮ್ಮ ಹೇಳಿದ್ದು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ. ನಿಘಂಟಿನಲ್ಲಿ ಇದು ಸಿಗುವುದಿಲ್ಲ. ಪದದ ಹುಟ್ಟು ಒಂದು. ಆ ಪದಕ್ಕೆ ಗೌರವದ ಅರ್ಥ ಹತ್ತಿದ್ದು ಹೇಗೆ ಎಂಬುದು ಇನ್ನೊಂದು. ಹುಟ್ಟಿಗೆ ತಮಿಳು ತುಳು ನೋಡಿದರೆ ಸಾಕು. ಅರ್ಥಕ್ಕೆ ಚಾವಡಿಯನ್ನೂ ಅಂಗಳವನ್ನೂ ನೋಡಬೇಕು. ಕಾಲ್ಮಣೆ ಎಂಬ ಪದವೂ ಉಂಟು, ಕಾಲು ಇರುವ ತಗ್ಗು ಮಣೆ. ಎತ್ತರ ಹೆಚ್ಚಾದಷ್ಟೂ ಕೂತವರ ಸ್ಥಾನವೂ ಏರುತ್ತಿತ್ತು. ಹಾಳೆ, ಚಾಪೆ, ಮಣೆ, ಕಾಲ್ಮಣೆ, ಕುರ್ಚಿ. ಕೂರುವ ವಸ್ತುವೇ ಊರಿನ ಲೆಕ್ಕ ಹೇಳುತ್ತಿತ್ತು.

ಪೆರ್ಲದ ಸೊಸೆ

ಕಾರಡ್ಕದ ಅಣ್ಣ, ನಿಮ್ಮ ಮಾತನ್ನು ಮಗಳಿಗೆ ಓದಿ ಹೇಳಿದೆ. "ಮಾಡಿದವರೇ ಕೂರಲಿಲ್ವಾ?" ಎಂದಳು. ಅಜ್ಜ ಮಾಡಿದ ಮಣೆ ನಿಮ್ಮಲ್ಲಿ ಯಾವುದಾದರೂ ಉಳಿದಿದೆಯಾ?

ಕಾರಡ್ಕದ ಹಾಳೆ

ಒಂದು ಉಂಟು ಅಕ್ಕ. ಮನೆಗೆಂದೇ ಮಾಡಿದ್ದ ಕೆರೆಮಣೆ. ಅಮ್ಮ ಈಗಲೂ ಅದರಲ್ಲೇ ಕಾಯಿ ಕೆರೆಯುವುದು. ಬಲಗಾಲು ಮಡಚಿ ಮಣೆಯ ಮೇಲೆ ಕೂತು, ಕಾಯಿಯ ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಿಂದ ಶುರು ಮಾಡುತ್ತಾರೆ. ನಡುವಿನಿಂದ ಶುರು ಮಾಡಿದರೆ ಅಂಚಿನ ತಿರುಳು ತುಂಡು ತುಂಡಾಗಿ ಬೀಳುತ್ತದೆ. ಕಂದು ಸಿಪ್ಪೆ ತಾಗುವ ಮೊದಲೇ ತಿರುಗಿಸುತ್ತಾರೆ. ಅಮ್ಮ ಕೆರೆದ ಕಾಯಿ ಪೂರಾ ಬಿಳಿ.

ಆದರೆ ಅದರ ಹಲ್ಲು ಈಗ ಸವೆದಿದೆ. ಪೇಟೆಯಲ್ಲಿ ಕೇಳಿದರೆ ಹೊಸದು ತಗೊಳ್ಳಿ, ಮೇಜಿಗೆ ಸಿಕ್ಕಿಸಿ ತಿರುಗಿಸುವುದು ಬಂದಿದೆ ಅನ್ನುತ್ತಾರೆ. ಅಮ್ಮನಿಗೆ ಮಂಡಿನೋವು ಇಲ್ಲ, ಕೆಳಗೆ ಕೂರುವುದೇ ಸುಖ. ಹಲ್ಲಿಗೆ ಅರ ಹಾಕಿ ಹರಿತ ಮಾಡುವವರು ಈ ಕಡೆ ಯಾರಾದರೂ ಉಂಟಾ?

ಬಾಯಾರಿನ ಹಪ್ಪಳ

ನಮ್ಮಲ್ಲಿ ಮೇಜಿಗೆ ಸಿಕ್ಕಿಸುವುದೂ ಬಂದಿದೆ. ಅದರಲ್ಲಿ ಹಲಗೆಯೇ ಇಲ್ಲ. ಆದರೂ ಎಲ್ಲರೂ ಕೆರೆಮಣೆ ಅಂತಲೇ ಹೇಳುವುದು. ಚಪಾತಿಯದ್ದು ಈಗ ಕಲ್ಲಿನದ್ದು, ಅದೂ ಮಣೆ.

ಹಲ್ಲಿನ ವಿಷಯ, ನಾಲಿಗೆ ಮಾತ್ರ ಬಿಚ್ಚಿ ಕೊಂಡುಹೋಗಿ ತಮ್ಮಾ. ಇಡೀ ಮಣೆ ಹೊರಬೇಡಿ. ಕತ್ತಿ ಮಾಡುವ ಆಚಾರಿ ಹತ್ತಿರ ಕೊಡಿ. ಅವರು ತೆಳುವಾದ ಅರದಲ್ಲಿ ಒಂದೊಂದೇ ಹಲ್ಲು ಬಿಡಿಸಿ ಕೊಡುತ್ತಾರೆ. ಮೆಷಿನ್‌ಗೆ ಹಿಡಿಯಲು ಬಿಡಬೇಡಿ, ಕಬ್ಬಿಣ ಕಾದು ಹಲ್ಲು ಮೆತ್ತಗಾಗುತ್ತದೆ. ಬಿಚ್ಚುವಾಗ ಮರದ ತೂತು ದೊಡ್ಡದಾದರೆ ಹಲಸಿನದ್ದೇ ಸಣ್ಣ ಬೆಣೆ ಹೊಡೆದು ಕೂರಿಸಿ.

ಕಾರಡ್ಕದ ಹಾಳೆ

ಸರಿ ಅಕ್ಕ. ಭಾನುವಾರ ಬಿಚ್ಚುತ್ತೇನೆ. ಹಲಸಿನ ತುಂಡು ಮನೆಯಲ್ಲೇ ಉಂಟು.